ಎರಡು ಎಕರೆ ಹತ್ತು ಗುಂಟೆ: ಬೆಂಗಳೂರಿನ ಮಗ್ಗುಲಲ್ಲಿ ಒಂದು ಒಕ್ಕಲಿನ ವರ್ಷದ ಲೆಕ್ಕ

ಹೊಸಕೋಟೆ, ದೇವನಹಳ್ಳಿ ಪಕ್ಕದ ವಿಜಯಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಎರಡೆಕರೆಯ ಒಕ್ಕಲನ್ನು ‘ವರ್ಷಕ್ಕೆ ಎಷ್ಟು ಉಳಿಯುತ್ತೆ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಮುಚ್ಚಿಡುತ್ತಾರೆ ಎಂದಲ್ಲ. ಅವರ ದುಡ್ಡು ವರ್ಷದ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಲಿನ ದುಡ್ಡು ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಸೊಪ್ಪಿನದು ಮಾರಿದ ದಿನವೇ, ಗೂಡಿನದು ಎರಡು ತಿಂಗಳಿಗೊಮ್ಮೆ, ರಾಗಿಯದು ವರ್ಷಕ್ಕೊಮ್ಮೆ. ಖರ್ಚಿಗೂ ಹೀಗೇ ಬೇರೆ ಬೇರೆ ಗಡುವುಗಳಿವೆ: ಮನೆ ಸಾಮಾನು ವಾರಕ್ಕೆ, ಶಾಲೆ ಫೀಸು ಜೂನ್‌ನಲ್ಲಿ, ಸೊಸೈಟಿ ಸಾಲದ ಕಂತು ವರ್ಷಕ್ಕೊಮ್ಮೆ, ಮೋಟಾರು ಸುಟ್ಟರೆ ಆ ಹೊತ್ತಿಗೇ. ಬರುವ ದಿನ ಹೋಗುವ ದಿನಕ್ಕೆ ಹೊಂದದಿದ್ದಾಗ ಮನೆ ಸಾಲಕ್ಕೆ ಬೀಳುತ್ತದೆ. ವರ್ಷದ ಮೊತ್ತ ಎಷ್ಟೇ ಚೆನ್ನಾಗಿದ್ದರೂ ಇದು ತಪ್ಪುವುದಿಲ್ಲ.

ಲೆಕ್ಕಕ್ಕೆ ಒಂದು ಮಾದರಿ ಹಿಡುವಳಿ ಇಟ್ಟುಕೊಳ್ಳೋಣ. ಒಟ್ಟು 90 ಗುಂಟೆ. ಅದರಲ್ಲಿ 40 ಗುಂಟೆ ಮಳೆಯಾಶ್ರಿತ ರಾಗಿ, 30 ಗುಂಟೆ ಹಿಪ್ಪುನೇರಳೆ, 10 ಗುಂಟೆ ಸೀಮೆಹುಲ್ಲು, 10 ಗುಂಟೆ ಸೊಪ್ಪು. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, ಒಂದು ಬೋರ್‌ವೆಲ್, ಮನೆಯಲ್ಲಿ ಐದು ಜನ, ದುಡಿಯುವವರು ಮೂವರು. ಮುಂದಿನ ದರಗಳು ಈ ಭಾಗದಲ್ಲಿ ಈಚೆಗೆ ನಡೆಯುತ್ತಿರುವ ಅಂದಾಜುಗಳು; ನಿಮ್ಮೂರಿನ ದರ ಹಾಕಿ ಮತ್ತೆ ಕೂಡಿ ನೋಡಿ.

ಮೊದಲು ರಾಗಿ. ಎಕರೆಗೆ 4–5 ಕೆಜಿ ಬೀಜ, ಮುಕ್ಕಾಲು ಚೀಲ ಡಿಎಪಿ, ಮುಕ್ಕಾಲು ಚೀಲ ಯೂರಿಯಾ, ಟ್ರ್ಯಾಕ್ಟರ್ ಉಳುಮೆ, ಕಳೆ, ಕೊಯ್ಲು, ಒಕ್ಕಣೆ ಎಲ್ಲ ಸೇರಿ 17 ಸಾವಿರದ ಸುಮಾರು. ಮಳೆ ಹದವಾಗಿ ಬಂದರೆ 10 ಕ್ವಿಂಟಲ್ ಬರುತ್ತದೆ. ದಿನಕ್ಕೆರಡು ಹೊತ್ತು ಮುದ್ದೆ ಉಣ್ಣುವ ಐವರಿಗೆ, ಹೊತ್ತಿಗೆ ತಲೆಗೆ 150 ಗ್ರಾಂ ಹಿಟ್ಟಿನಂತೆ, ವರ್ಷಕ್ಕೆ ಐದೂವರೆ ಕ್ವಿಂಟಲ್ ಬೇಕು. ಐದು ಕ್ವಿಂಟಲ್ ಮನೆಗಿಟ್ಟು ಐದು ಮಾರಿದರೆ, 2025-26ರ ಬೆಂಬಲ ಬೆಲೆ 4,886 ರೂ.ನಂತೆ 24,430 ರೂ. ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು 7 ಸಾವಿರ ಚಿಲ್ಲರೆ. ಇಷ್ಟನ್ನೇ ನೋಡಿದವರು ರಾಗಿ ಬಿಟ್ಟು ನೀಲಗಿರಿ ಹಾಕಿದ್ದರು. ಕೂಲಿ ಬೇಡ, ಕಾವಲು ಬೇಡ ಎಂದು ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಹಬ್ಬಿದ ನೀಲಗಿರಿಗೆ 2017ರಲ್ಲಿ ಸರ್ಕಾರವೇ ನಿಷೇಧ ಹಾಕಬೇಕಾಯಿತು.

ರಾಗಿಯ ನಿಜವಾದ ಬೆಲೆ ಇರುವುದು ಹುಲ್ಲಿನಲ್ಲಿ. ಒಂದು ಹಸುವಿಗೆ ದಿನಕ್ಕೆ 5 ಕೆಜಿ ಒಣಹುಲ್ಲು ಬೇಕು ಅಂದರೆ ವರ್ಷಕ್ಕೆ 1,825 ಕೆಜಿ. ಒಳ್ಳೆಯ ಬೆಳೆಯ ಒಂದು ಎಕರೆಯಿಂದ ಬರುವ ಹುಲ್ಲು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಒಂದೆಕರೆ ರಾಗಿ ಒಂದು ಹಸುವನ್ನು ವರ್ಷವಿಡೀ ನಿಲ್ಲಿಸುತ್ತದೆ; ಎರಡನೇ ಹಸು ಕಟ್ಟಿದವರು ಬೇಸಿಗೆಗೆ ಹುಲ್ಲು ಕೊಳ್ಳಲೇಬೇಕು. ಮೆಷಿನ್ ಕೊಯ್ಲಿನ ಲೆಕ್ಕದಲ್ಲಿ ಎಡವುವುದೂ ಇಲ್ಲೇ. ಮೆಷಿನ್ ಮೇಲಕ್ಕೆ ಕತ್ತರಿಸುತ್ತದೆ, ಹುಲ್ಲು ತುಂಡಾಗಿ ಹೊಲದಲ್ಲೇ ಚೆಲ್ಲಾಡುತ್ತದೆ. ಕೂಲಿಯಲ್ಲಿ ಉಳಿಸಿದ್ದು ಮಾರ್ಚ್–ಏಪ್ರಿಲ್‌ನಲ್ಲಿ ಹುಲ್ಲು ಕೊಳ್ಳಲು ಹೋಗುತ್ತದೆ. ಹಸು ಇರುವ ಮನೆಯವರು ಮುಯ್ಯಾಳು (ಕೆಲಸಕ್ಕೆ ಬದಲು ಕೆಲಸ) ಮಾಡಿಕೊಂಡಾದರೂ ಕುಡುಗೋಲಿನಲ್ಲೇ ಕೊಯ್ದು, ಬಣವೆ ಒಟ್ಟಿ, ಮಳೆನೀರು ಇಳಿಯದಂತೆ ತುದಿ ಕಟ್ಟುವುದು ಲೇಸು. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲಿನ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಾರಿನ ಕಾಳು ಅಂಗಡಿಯಿಂದ ಬರುವುದು ಶುರುವಾದ ಮನೆಯಲ್ಲಿ ಆ ಸಾಲುಗಳ ಬೆಲೆ ತಿಂಗಳೊಪ್ಪತ್ತಿನಲ್ಲೇ ತಿಳಿಯುತ್ತದೆ.

ಹಸುವಿನ ಲೆಕ್ಕವನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ಮನೆಗಳು ನಿಂತಿರುವುದು ಇದರ ಮೇಲೆ.

ದಿನಕ್ಕೆ ಸರಾಸರಿ 9 ಲೀಟರ್, 300 ದಿನ ಕರೆದರೆ 2,700 ಲೀಟರ್. ಡೈರಿಯಲ್ಲಿ ಲೀಟರಿಗೆ 36 ರೂ. ಸಿಕ್ಕಿತು ಎಂದು ಹಿಡಿದರೆ 97,200 ರೂ. ಫೀಡಿನ ಲೆಕ್ಕ ಹೀಗೆ: ಮೈಗೆ ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಒಂಬತ್ತು ಲೀಟರಿಗೆ ದಿನಕ್ಕೆ 5 ಕೆಜಿ, 300 ದಿನಕ್ಕೆ 1,500 ಕೆಜಿ. ಕೆಜಿಗೆ 27 ರೂ.ನಂತೆ 40,500. ಬತ್ತಿದ 60 ದಿನ ದಿನಕ್ಕೆ 2 ಕೆಜಿ ಫೀಡು, 3,240. ಡಾಕ್ಟರು, ಖನಿಜ ಮಿಶ್ರಣ, ಸೂಜಿ (ಕೃತಕ ಗರ್ಭಧಾರಣೆ), ಇನ್ಶೂರೆನ್ಸು ಸೇರಿ 8 ಸಾವಿರ. ಉಳಿದದ್ದು 45 ಸಾವಿರ ಚಿಲ್ಲರೆ, ದಿನಕ್ಕೆ 126 ರೂ. ಹಸಿಹುಲ್ಲು, ಒಣಹುಲ್ಲು ಮನೆಯದೇ ಆಗಿದ್ದರೆ ಮಾತ್ರ ಇಷ್ಟು. ಸರ್ಕಾರದ ಲೀಟರಿಗೆ 5 ರೂ. ಪ್ರೋತ್ಸಾಹಧನ 13,500 ಆಗುತ್ತದೆ. ಅದು ಬಟವಾಡೆಯ ಜೊತೆ ಬರುವುದಿಲ್ಲ, ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಆದ್ದರಿಂದ ಅದನ್ನು ದಿನದ ಖರ್ಚಿಗೆ ನೆಚ್ಚಿಕೊಳ್ಳದೆ, ಬಂದಾಗ ಹುಲ್ಲಿಗೋ ಇನ್ಶೂರೆನ್ಸಿಗೋ ಎತ್ತಿಡುವುದು ಒಳ್ಳೆಯದು.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಬೆದೆ ತಪ್ಪಿದಾಗ. ಕರು ಹಾಕಿದ ಎರಡು ತಿಂಗಳ ಮೇಲೆ ಸೂಜಿ ಹಾಕಿಸಿ ಗಬ್ಬ ನಿಂತರೆ ಮುಂದಿನ ಕರು ಹನ್ನೊಂದು–ಹನ್ನೆರಡು ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ಒಂದು ಬೆದೆ ಕಾಣದೆ ಹೋದರೆ 21 ದಿನ ಹಿಂದಕ್ಕೆ. ಆ 21 ದಿನದ ಮೇವು, ಫೀಡೇ 2 ಸಾವಿರ ದಾಟುತ್ತದೆ, ಮುಂದಿನ ಹಾಲೂ ಅಷ್ಟು ದಿನ ತಡ. ಮೂರು ಸಲ ತಪ್ಪಿದರೆ ಆ ವರ್ಷದ ಉಳಿತಾಯದಲ್ಲಿ ದೊಡ್ಡ ಪಾಲು ಕೊಟ್ಟಿಗೆಯಲ್ಲೇ ಕರಗುತ್ತದೆ. ಸೀಮೆಹಸು ಬೆದೆಗೆ ಬರುವುದು ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ. ಹಗಲು ಕಟ್ಟಿಹಾಕಿದ ಹಸುವಿನಲ್ಲಿ ಗೊತ್ತಾಗುವುದಿಲ್ಲ. ಮಲಗುವ ಮುಂಚೆ ಒಮ್ಮೆ, ಬೆಳಗ್ಗೆ ಹಾಲು ಕರೆಯುವ ಮುಂಚೆ ಒಮ್ಮೆ ಹಿಂಭಾಗ ನೋಡಬೇಕು. ಮೊಟ್ಟೆಯ ಬಿಳಿಯಂಥ ಲೋಳೆ ಬಾಲಕ್ಕೆ ಅಂಟಿದ್ದರೆ, ಹಾಲು ಇದ್ದಕ್ಕಿದ್ದಂತೆ ಇಳಿದಿದ್ದರೆ, ಮೇವು ಬಿಟ್ಟು ಕೂಗುತ್ತಿದ್ದರೆ ಅದೇ ಗುರುತು. ಬೆಳಗ್ಗೆ ಕಂಡರೆ ಸಂಜೆ ಸೂಜಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಬರೆದು, 19ನೇ ದಿನದಿಂದ ಮತ್ತೆ ಗಮನಿಸಿ.

ಫ್ಯಾಟ್ ಇಳಿದು ದರ ಕಡಿಮೆಯಾಯಿತು ಎಂಬ ದೂರು ಮಳೆಗಾಲದಲ್ಲಿ ಜಾಸ್ತಿ. ಎಳೆಯ ಹಸಿಹುಲ್ಲು ಸಿಕ್ಕಿತೆಂದು ಒಣಹುಲ್ಲು ನಿಲ್ಲಿಸಿದ್ದೇ ಹೆಚ್ಚಿನ ಕಡೆ ಕಾರಣ. ನಾರು ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತದೆ. ದಿನಕ್ಕೆ ನಾಲ್ಕೈದು ಕೆಜಿ ರಾಗಿ ಹುಲ್ಲು ಬಿಡದೆ ಕೊಟ್ಟರೆ ಒಂದೆರಡು ವಾರದಲ್ಲಿ ಮೊದಲಿನ ಸ್ಥಿತಿಗೆ ಬರುತ್ತದೆ.

ಗೊಬ್ಬರವನ್ನೂ ಬರೆದಿಡಿ. ಹಸುವೊಂದಕ್ಕೆ ವರ್ಷಕ್ಕೆ ಒಂದೂವರೆ–ಎರಡು ಟ್ರ್ಯಾಕ್ಟರ್ ಲೋಡ್ ತಿಪ್ಪೆಗೊಬ್ಬರ ಬರುತ್ತದೆ. ಹೊರಗೆ ಕೊಂಡರೆ ಲೋಡಿಗೆ 5 ಸಾವಿರಕ್ಕೆ ಕಡಿಮೆ ಇಲ್ಲ, ಹಿಪ್ಪುನೇರಳೆಗಂತೂ ಅದಿಲ್ಲದೆ ಎಲೆ ಬರುವುದಿಲ್ಲ. ಹಸು ಮಾರಿದ ಮನೆಯ ತೋಟ ಎರಡು ವರ್ಷದಲ್ಲಿ ಸೊರಗುವುದು ಇದಕ್ಕೇ.

ಇನ್ನು ರೇಷ್ಮೆ. ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಹುಳು ತಂದರೆ 18–20 ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತದೆ, ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆ) ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಬಹುದು. ಸುಮಾರು 25 ದಿನದ ಕೆಲಸ. ಕಡಿದ ಗಿಡ ಮತ್ತೆ ಎಲೆಗೆ ಬರಲು 60–70 ದಿನ ಬೇಕಾದ್ದರಿಂದ ವರ್ಷಕ್ಕೆ ಐದು ಬೆಳೆ. ಮೂವತ್ತು ಗುಂಟೆ ವಿ-1 ತಳಿಯ ತೋಟಕ್ಕೆ 150 ಮೊಟ್ಟೆ (ಒಂದು ಚಿಟ್ಟೆ ಇಟ್ಟ ಇಡೀ ಗುಂಪನ್ನೇ ಇಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ) ಹಿಡಿದರೆ ನೆಮ್ಮದಿ. ನೂರು ಮೊಟ್ಟೆಗೆ 70 ಕೆಜಿಯಂತೆ 105 ಕೆಜಿ ಗೂಡು, ಕೆಜಿಗೆ 500 ರೂ. ಸಿಕ್ಕರೆ 52,500. ಚಾಕಿ ಹುಳು, ಸೋಂಕುನಿವಾರಕ, ಆಳು, ಸಾಗಣೆ ಸೇರಿ 22 ಸಾವಿರ ಕಳೆದರೆ ಬೆಳೆಗೆ 30 ಸಾವಿರ. ಐದರಲ್ಲಿ ಒಂದು ಕೈಕೊಡುತ್ತದೆ ಎಂದೇ ಲೆಕ್ಕ ಹಾಕಬೇಕು. ನಾಲ್ಕರಿಂದ 1,20,000, ಕೆಟ್ಟ ಒಂದರ ಖರ್ಚು 20 ಸಾವಿರ ಕಳೆದು ವರ್ಷಕ್ಕೆ ಒಂದು ಲಕ್ಷ.

ಎಲೆಯ ಲೆಕ್ಕ ತಪ್ಪುವುದು ಸಾಮಾನ್ಯ. ನಾಲ್ಕನೇ ಜ್ವರದವರೆಗೆ ತೋಟ ತುಂಬಿಕೊಂಡೇ ಇರುತ್ತದೆ, ‘ಇನ್ನೂ 50 ಮೊಟ್ಟೆ ತರಬಹುದಿತ್ತಲ್ಲ’ ಎನಿಸುತ್ತದೆ. ಆದರೆ ಹುಳು ತಿನ್ನುವ ಒಟ್ಟು ಎಲೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಹೋಗುವುದು ಆ ಜ್ವರ ಎದ್ದ ಮೇಲಿನ ಕೊನೆಯ ಏಳೆಂಟು ದಿನದಲ್ಲಿ. ಅಂಥ ಹೊತ್ತಿನಲ್ಲಿ ಎಲೆ ಕೊಳ್ಳಲು ಹೊರಟವರಿಗೆ ಮಾರುವವರು ಹೇಳಿದ್ದೇ ದರ. ನೂರು ಮೊಟ್ಟೆಗೆ ಒಂದು ಟನ್ ಎಲೆ ಎಂದು ಹಿಡಿದು, ಹುಳು ತರುವ ಮುಂಚೆ ಒಂದು ಸಾಲಿನ ಹತ್ತು ಗಿಡ ಕಡಿದು ತೂಗಿ, ಗಿಡದ ಲೆಕ್ಕದಿಂದ ಗುಣಿಸಿ ನೋಡುವುದಕ್ಕೆ ಅರ್ಧ ಗಂಟೆ ಸಾಕು.

ಚಂದ್ರಿಕೆಯಲ್ಲೂ ಹೀಗೇ. 150 ಮೊಟ್ಟೆ ಅಂದರೆ ಸುಮಾರು 60 ಸಾವಿರ ಹುಳು, ಆರಡಿ-ನಾಲ್ಕಡಿ ಚಂದ್ರಿಕೆಯೊಂದಕ್ಕೆ ಸಾವಿರ ಹುಳು, ಹಾಗಾಗಿ 60 ಚಂದ್ರಿಕೆ ಬೇಕು. ಬಾಡಿಗೆ ಉಳಿಸಲು ನಲವತ್ತರಲ್ಲೇ ತುರುಕಿದರೆ ಜೋಡಿ ಗೂಡು, ಕಲೆಗೂಡು ಹೆಚ್ಚಿ ಹರಾಜಿನಲ್ಲಿ ದರ ಬೀಳುತ್ತದೆ. ಊಜಿ ನೊಣ ಮತ್ತೊಂದು ಕಾಟ. ಹುಳುವಿನ ಮೈಮೇಲೆ ಸಾಸಿವೆಗಿಂತ ಚಿಕ್ಕ ಕರಿ ಚುಕ್ಕೆ ಕಂಡರೆ ಅದರ ಮರಿ ಒಳಗೆ ಹೊಕ್ಕಿದೆ ಎಂದೇ ತಿಳಿಯಿರಿ. ಅದು ಗೂಡು ತೂತು ಮಾಡಿ ಹೊರಬರುತ್ತದೆ, ತೂತುಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಕಿಟಕಿಗೆ ಬಲೆ ಹಾಕಿ, ಬಾಗಿಲನ್ನು ಹಾಗೇ ಬಿಟ್ಟ ಹುಳುಮನೆಗಳು ಬೇಕಾದಷ್ಟಿವೆ. ಬಾಗಿಲಿಗೆ ಒಂದು ಸಣ್ಣ ಮುಂಗೋಣೆ ಮಾಡಿ ಎರಡು ಪರದೆ ಕಟ್ಟಿದರೆ ಕಾಟ ಬಹಳ ಕಡಿಮೆಯಾಗುತ್ತದೆ. ಬೆಳೆ ಬೆಳೆಯ ನಡುವೆ ಮನೆ ತೊಳೆಯಲು 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪೌಡರ್, 300 ಗ್ರಾಂ ಸುಣ್ಣ. ಹಿಂದಿನ ಬೆಳೆಯಲ್ಲಿ ಬಾಯಿ ತೆರೆದಿಟ್ಟ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ವಾಸನೆ ಇದ್ದರೂ ಕೆಲಸ ಮಾಡುವುದಿಲ್ಲ. ಪ್ರತಿ ಸಲ ಹೊಸದು ತನ್ನಿ.

ನಗರದ ಹತ್ತಿರವಿರುವ ಊರುಗಳಿಗೆ ಇನ್ನೊಂದು ತೊಂದರೆ. ಪಕ್ಕದ ತುಂಡಿನಲ್ಲಿ ಗುಲಾಬಿಯೋ ಟೊಮೆಟೊವೋ ಇದ್ದರೆ ಅದಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಹಿಪ್ಪುನೇರಳೆ ಎಲೆ ಮೇಲೆ ಕೂರುತ್ತದೆ. ಆ ಎಲೆ ತಿಂದ ಹುಳು ಹಸಿರು ಕಕ್ಕಿ, ತಲೆ ಆಡಿಸುತ್ತಾ ಸಾಯುತ್ತದೆ. ರೋಗ ಎಂದುಕೊಂಡು ಜನ ಪುಡಿ ಹಾಕುತ್ತಾರೆ. ಬದುವಿಗೆ ಎರಡು ಸಾಲು ಎತ್ತರದ ಸೀಮೆಹುಲ್ಲು ಹಾಕಿಕೊಂಡರೆ ತಡೆಯೂ ಆಯಿತು, ಮೇವೂ ಆಯಿತು. ಅಂಚಿನ ನಾಲ್ಕು ಸಾಲಿನ ಎಲೆಯನ್ನು ಹುಳುವಿಗೆ ಕೊಡದಿರುವುದು ಕ್ಷೇಮ. ಇದರ ಜೊತೆಗೆ, ಔಷಧಿ ಹೊಡೆಯುವ ಹಿಂದಿನ ದಿನ ಹೇಳಿಬಿಡಿ ಎಂದು ನೆರೆಯವರ ಹತ್ತಿರ ಮಾತಾಡಿಕೊಂಡಿರಬೇಕು.

ಸೊಪ್ಪು ಬೆಂಗಳೂರು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ನಡೆಯುವ ಬೆಳೆ. ಕೊತ್ತಂಬರಿ 35–40 ದಿನ, ಮೆಂತ್ಯ, ದಂಟು 25–30 ದಿನ. ಹತ್ತು ಗುಂಟೆಯನ್ನೂ ಒಂದೇ ದಿನ ಬಿತ್ತಿದರೆ ಒಂದೇ ದಿನ ಕೀಳಬೇಕು, ಮಾರ್ಕೆಟ್ ಬಿದ್ದ ದಿನವಾದರೆ ಎಲ್ಲ ಹೋಯಿತು. ವಾರಕ್ಕೆ ಎರಡೆರಡು ಗುಂಟೆ ಬಿತ್ತಿ, ಐದು ವಾರದಲ್ಲಿ ಸುತ್ತು ಮುಗಿಸಿ, ಕಿತ್ತ ಜಾಗಕ್ಕೆ ಮತ್ತೆ ಬಿತ್ತುತ್ತಾ ಹೋದರೆ ವಾರವಾರ ಕೈಗೆ ಕಾಸು. ಆಷಾಢದಲ್ಲಿ ಬೀಳುವ ದರ ಶ್ರಾವಣದ ಹಬ್ಬಗಳಲ್ಲಿ ಏರುತ್ತದೆ, ಜಡಿಮಳೆಗೆ ಕೊಳೆತರೆ ಉಳಿದವರ ಕಟ್ಟಿಗೆ ಬಂಗಾರದ ಬೆಲೆ. ವರ್ಷಕ್ಕೆ ಮೂವತ್ತು ಸಾವಿರ ಉಳಿಯುತ್ತದೆ ಎಂದು ಹಿಡಿಯುವೆ.

ಟೊಮೆಟೊ ಸಣ್ಣ ಒಕ್ಕಲಿಗೆ ಸಲ್ಲದ ಆಟ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಕರೆಗೆ ಏಳು ಸಾವಿರದ ಸುಮಾರು ಸಸಿ, ಕೋಲು, ದಾರ, ಡ್ರಿಪ್, ಔಷಧಿ ಸೇರಿ ಎರಡು ಲಕ್ಷ ಹಿಡಿಯುತ್ತದೆ. 1,200 ಬಾಕ್ಸ್ ಬಂದರೆ 15 ಕೆಜಿ ಬಾಕ್ಸಿಗೆ ಬೆಳೆಸಿದ ಖರ್ಚೇ 167 ರೂ.; ಬಿಡಿಸುವ ಕೂಲಿ, ಬಾಡಿಗೆ, ಮಂಡಿಯ ಕಮಿಷನ್ ಬೇರೆ. ರೈತರಿಂದ ಕಮಿಷನ್ ಹಿಡಿಯಬಾರದೆಂದು ಕಾಯಿದೆ ಇದ್ದರೂ ಬಿಲ್ಲಿಲ್ಲದ ಬಿಳಿ ಚೀಟಿಯಲ್ಲಿ ಹಿಡಿಯುವುದು ನಿಂತಿಲ್ಲ. 2023ರ ಜುಲೈನಲ್ಲಿ ಕೋಲಾರದಲ್ಲಿ ಬಾಕ್ಸಿಗೆ 2 ಸಾವಿರ ದಾಟಿತು. ಅದನ್ನು ನೋಡಿ ನಾಟಿ ಮಾಡಿದವರ ಹಣ್ಣು ಬರುವ ಹೊತ್ತಿಗೆ ದರ ಕುಸಿದಿತ್ತು. ಕಳೆದುಕೊಂಡರೆ ತಡೆದುಕೊಳ್ಳುವ ಬಂಡವಾಳ ಇರುವವರು ಐದು ವರ್ಷ ಬಿಡದೆ ಹಾಕಿ ಒಂದು ವರ್ಷ ಗೆಲ್ಲುತ್ತಾರೆ. ಮಂಡಿಯವರ ಮುಂಗಡದಲ್ಲಿ ಹಾಕಿದವರಿಗೆ ಐದು ವರ್ಷ ಕಾಯುವ ಶಕ್ತಿ ಎಲ್ಲಿಂದ ಬರಬೇಕು?

ಇಷ್ಟನ್ನೂ ಕೂಡೋಣ. ರಾಗಿ 7 ಸಾವಿರ. ಎರಡು ಹಸುವಿಂದ 90 ಸಾವಿರ, ಪ್ರೋತ್ಸಾಹಧನ 27 ಸಾವಿರ, ಎರಡನೇ ಹಸುವಿನ ಹುಲ್ಲಿಗೆ 15 ಸಾವಿರ ಕಳೆದು 1,02,000. ರೇಷ್ಮೆ ಒಂದು ಲಕ್ಷ. ಸೊಪ್ಪು 30 ಸಾವಿರ. ಒಟ್ಟು 2,39,000. ಇದರಿಂದ ಬೋರ್‌ವೆಲ್ಲಿನ ಸವಕಳಿ ತೆಗೆಯಬೇಕು, ಇದನ್ನು ಯಾರೂ ತೆಗೆಯುವುದಿಲ್ಲ. ಈ ಭಾಗದಲ್ಲಿ ಸಾವಿರದಿಂದ ಸಾವಿರದೈನೂರು ಅಡಿ ಕೊರೆದು, ಕೇಸಿಂಗ್, ಮೋಟಾರು, ಪೈಪು, ಕೇಬಲ್ಲು ಇಳಿಸುವಷ್ಟರಲ್ಲಿ ಆರು ಲಕ್ಷ ಆಗುತ್ತದೆ. ಹತ್ತು ವರ್ಷ ನೀರು ಕೊಟ್ಟರೆ ವರ್ಷಕ್ಕೆ 60 ಸಾವಿರ. ಹತ್ತು ಎಚ್‌ಪಿವರೆಗೆ ಕರೆಂಟು ಪುಕ್ಕಟೆ ಇರಬಹುದು, ನೀರು ಮಾತ್ರ ದಿನಕ್ಕೆ 164 ರೂ. ತಿನ್ನುತ್ತಿದೆ. ಅದನ್ನು ಕಳೆದರೆ 1,79,000, ತಿಂಗಳಿಗೆ ಹದಿನೈದು ಸಾವಿರದ ಹತ್ತಿರ. ಅದೂ ಮೂವರ ದುಡಿಮೆಗೆ. ಉಣ್ಣುವ ರಾಗಿ, ಕಾಳು, ಹಾಲು, ಬಾಡಿಗೆಯಿಲ್ಲದ ಮನೆ ಇದರ ಮೇಲೆ. ಗೃಹಲಕ್ಷ್ಮಿಯ ತಿಂಗಳ 2 ಸಾವಿರ, ಪಿಎಂ ಕಿಸಾನ್‌ನ ವರ್ಷದ 6 ಸಾವಿರ ಸೇರಿದರೆ ಇನ್ನೊಂದು 30 ಸಾವಿರ. ಅದು ದೊಡ್ಡದೇ: ಹತ್ತು ಗುಂಟೆಯ ಸೊಪ್ಪು ವರ್ಷವೆಲ್ಲ ತರುವಷ್ಟು.

ಸೊಸೆ ಗಾರ್ಮೆಂಟ್ಸ್‌ಗೆ ಹೋಗಬೇಕೇ ಎಂಬ ಪ್ರಶ್ನೆ ಹುಟ್ಟುವುದು ಈ ಅಂಕಿಯ ಮುಂದೆ. ತಿಂಗಳಿಗೆ 12–13 ಸಾವಿರ ಬರುತ್ತದೆ. ಆಕೆ ಮಾಡುತ್ತಿದ್ದ ಎಲೆ ಕಟಾವು, ಹಾಲು, ಕಳೆಗೆ ದಿನಕ್ಕೆ 400 ರೂ.ನಂತೆ ಆಳು ಇಟ್ಟರೆ 26 ದಿನಕ್ಕೆ 10,400. ಕೈಯಲ್ಲಿ ಉಳಿಯುವುದು ಎರಡು ಸಾವಿರ! ಅತ್ತೆ-ಮಾವ ಗಟ್ಟಿಮುಟ್ಟಾಗಿದ್ದರೆ ಮಾತ್ರ ಈ ಲೆಕ್ಕ ಏರುತ್ತದೆ. ಆದರೂ ಹೋಗುವುದಕ್ಕೆ ಬಲವಾದ ಕಾರಣವೊಂದಿದೆ, ಅದು ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ. ಮನೆಯಲ್ಲಿ ಒಬ್ಬರಿಗೆ ಇಎಸ್‌ಐ ಇದ್ದರೆ ಗಂಡ ಅಥವಾ ಹೆಂಡತಿ, ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಸಣ್ಣ ಒಕ್ಕಲು ಜಮೀನು ಕಳೆದುಕೊಳ್ಳುವುದು ಬೆಳೆ ಹೋದದ್ದಕ್ಕಿಂತ ಆಸ್ಪತ್ರೆ ಬಿಲ್ಲಿನಿಂದ ಹೆಚ್ಚು. ಆದ್ದರಿಂದ ಸಂಬಳಕ್ಕಿಂತ ಕಾರ್ಡಿಗೆ ಬೆಲೆ ಕಟ್ಟಿ ನಿರ್ಧಾರ ಮಾಡಿ.

ಸಾಲದ ಮಾತು. ಪ್ರಾಥಮಿಕ ಸಹಕಾರ ಸಂಘದ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿಯಿಲ್ಲ, ಗಡುವಿನೊಳಗೆ ಕಟ್ಟಿದರೆ ಮಾತ್ರ. ಒಂದು ದಿನ ತಪ್ಪಿದರೂ ಬಡ್ಡಿ ಬೀಳುತ್ತದೆ. ಗಡುವಿನ ವಾರದಲ್ಲಿ ಕೈಸಾಲ ತಂದು ಕಟ್ಟಿ, ಹೊಸ ಸಾಲ ಬಂದ ಮೇಲೆ ತೀರಿಸುವುದು ಎಲ್ಲ ಊರಲ್ಲೂ ನಡೆಯುತ್ತದೆ. ಹೊಸ ಸಾಲ ಎರಡು ತಿಂಗಳು ತಡವಾದರೆ ಸಿಕ್ಕಿಬಿದ್ದಂತೆ. ನೂರಕ್ಕೆ ಮೂರರ ಬಡ್ಡಿಯಲ್ಲಿ ಒಂದು ಲಕ್ಷಕ್ಕೆ ತಿಂಗಳಿಗೆ 3 ಸಾವಿರ, ವರ್ಷಕ್ಕೆ 36 ಸಾವಿರ. ಒಂದು ಹಸು ವರ್ಷವೆಲ್ಲ ದುಡಿದು ಉಳಿಸುವುದರಲ್ಲಿ ಮುಕ್ಕಾಲು ಪಾಲು ಅಲ್ಲಿಗೆ ಹೋಯಿತು. ಗಡುವಿಗೆ ಮುಂಚಿನ ಎರಡು ರೇಷ್ಮೆ ಬೆಳೆಯ ದುಡ್ಡನ್ನು ಮುಟ್ಟದೆ ಇಡುವುದು, ಸಾಲದಿದ್ದರೆ ಬ್ಯಾಂಕಿನಲ್ಲಿ ಒಡವೆ ಇಟ್ಟು ತುಂಬುವುದು ಇದಕ್ಕಿಂತ ಎಷ್ಟೋ ಅಗ್ಗ. ಬೋರ್‌ವೆಲ್ ಕೊರೆಸಲು ಕೈಸಾಲ ತರುವುದಂತೂ ಬೇಡವೇ ಬೇಡ: ನೀರು ಬಿದ್ದರೂ ಆ ಬಡ್ಡಿ ದುಡಿಯುವ ಬೆಳೆ ಎರಡೆಕರೆಯಲ್ಲಿಲ್ಲ. ವಾರದ ಕಂತಿನ ಸಂಘದ ಸಾಲವನ್ನು ಹಾಲಿನ ಬಟವಾಡೆಗೆ ಹೊಂದಿಸಬಹುದು. ಹಸು ಬತ್ತುವ ತಿಂಗಳಿಗೆ ಮುಂಚೆ ಅದು ಮುಗಿಯುವಂತೆ ನೋಡಿಕೊಂಡು ತೆಗೆಯಬೇಕು.

ಕೊನೆಯದಾಗಿ ಜಮೀನು. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳು 2020ರಲ್ಲಿ ಹೋದ ಮೇಲೆ ಬ್ರೋಕರುಗಳ ಕಾರು ಬಾರದ ಊರಿಲ್ಲ. ಎಕರೆ ಒಂದು ಕೋಟಿಗೆ ಹೋದರೆ ಬ್ಯಾಂಕಿನಲ್ಲಿಟ್ಟರೂ ಆರೇಳು ಲಕ್ಷ ಬಡ್ಡಿ, ಮೇಲಿನ 1,79,000ದ ಮುಂದೆ ಇದೇ ಮೇಲು ಎಂದು ಅನ್ನಿಸುವುದು ಸಹಜ. ಲೆಕ್ಕದಲ್ಲಿ ಅದು ಸರಿಯೇ. ಆದರೆ ಕೋಟಿ ರೂಪಾಯಿ ಇಡಿಯಾಗಿ ಬ್ಯಾಂಕಿಗೆ ಹೋಗುವುದಿಲ್ಲ. ಅಣ್ಣತಮ್ಮ, ಅಕ್ಕತಂಗಿಯರ ಪಾಲು, ಹಳೇ ಸಾಲ, ಮನೆ, ಮದುವೆ ಕಳೆದು ಉಳಿದದ್ದರ ಬಡ್ಡಿ ನೋಡಬೇಕು. ಹಸು, ಹುಳು, ಎಲೆ ಇಲ್ಲದ ಮನೆಯಲ್ಲಿ ಐವತ್ತು ದಾಟಿದ ಇಬ್ಬರಿಗೆ ಮಾಡಲು ಕೆಲಸವೂ ಇರುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ 1,777 ಎಕರೆಯ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಮಿಕ್ಕಿ ಕೂತರು, 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ಅವರ ಹಟ ನನಗೆ ಅರ್ಥವಾಗುವುದು ಈ ಲೆಕ್ಕದಿಂದಲೇ.

ಮಾರಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಪೌತಿ ಖಾತೆ (ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಖಾತೆ), ಪೋಡಿ (ಸರ್ವೆ ನಂಬರಿನಲ್ಲಿ ಪಾಲು ಬೇರೆ ಮಾಡುವುದು), 11ಇ ನಕ್ಷೆ (ಮಾರುವ ತುಂಡಿನ ಸರ್ವೆ ನಕ್ಷೆ) ಮುಗಿಸಿಕೊಳ್ಳಿ. ಹೆಣ್ಣುಮಕ್ಕಳ ಸಹಿ ಇಲ್ಲದ ಕ್ರಯ ಮುಂದೆ ಕೋರ್ಟಿಗೆ ಹೋಗುತ್ತದೆ. ಚಿಕ್ಕ ಮುಂಗಡ ಕೊಟ್ಟು ಎರಡು ಮೂರು ವರ್ಷದ ಗಡುವಿನ ಅಗ್ರಿಮೆಂಟು, ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೇಳುವವರಿಗೆ ಒಪ್ಪಬೇಡಿ. ಆ ಅವಧಿಯಲ್ಲಿ ನೀವು ಬೇರೆಯವರಿಗೆ ಕೊಡುವಂತೆಯೂ ಇಲ್ಲ, ಅವರು ಕೊಳ್ಳುತ್ತಾರೆಂಬ ಖಾತ್ರಿಯೂ ಇಲ್ಲ. ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಪಾಲಿಕೆಯ ಗಡಿಯಿಂದ 8 ಕಿ.ಮೀ. ಒಳಗಿರುವ ಕೃಷಿ ಜಮೀನಿಗೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ, ಚಿಕ್ಕ ಪುರಸಭೆಗಳಿಗೆ 2 ಅಥವಾ 6 ಕಿ.ಮೀ. ದೂರವನ್ನು ರಸ್ತೆಯಲ್ಲಿ ಅಳೆಯುವುದಿಲ್ಲ, ನೇರ ಗೆರೆಯಲ್ಲಿ ಅಳೆಯುತ್ತಾರೆ. ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ವಿನಾಯಿತಿ ಇದೆ. ಕ್ರಯಕ್ಕೆ ಮುಂಚೆಯೇ ಆಡಿಟರನ್ನು ಕಾಣಿ.

ಕೊಳ್ಳುವವರು ಯಾವಾಗಲೂ ರಸ್ತೆ ಮಗ್ಗುಲಿನ ತುಂಡನ್ನೇ ಕೇಳುತ್ತಾರೆ. ಅದನ್ನು ಕೊಟ್ಟರೆ ಹಿಂದೆ ಉಳಿದ ಎಕರೆಗೆ ಟ್ರ್ಯಾಕ್ಟರು ಹೋಗಲು ದಾರಿಯಿರದು, ಕಾಂಪೌಂಡು ಎದ್ದ ಮೇಲೆ ಬೋರ್‌ವೆಲ್ಲಿನ ಪೈಪೂ ದಾಟದು. ಕನಿಷ್ಠ 12 ಅಡಿ ಬಂಡಿ ದಾರಿ, ನೀರಿನ ಪೈಪು, ಮೋಟಾರಿನ ಕೇಬಲ್ಲು ಹಾಯುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಕ್ರಯಪತ್ರದ ಷೆಡ್ಯೂಲಿನಲ್ಲೇ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ ಬರೆಸಿ. ಆಮೇಲೆ ಬಿಡುತ್ತೇವೆ ಎಂಬ ಬಾಯಿಮಾತಿಗೆ ಸಹಿ ಹಾಕಬೇಡಿ.